ದಸರೆಗೆ ಹೋಗುವವರು ಐದು ದಿನ ಮೊದಲೇ ಹೋಗಿ

ಮಹಾಲಯ ಅಮಾವಾಸ್ಯೆ ಹತ್ತಿರವಾಗುತ್ತಿದ್ದಂತೆ ಮೈಸೂರಿನಲ್ಲಿ ಇರುವವರ ಫೋನುಗಳಿಗೆ ಬಿಡುವು ಇರುವುದಿಲ್ಲ. ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ, ಮುಂಬಯಿಯಿಂದ ನೆಂಟರ, ಸ್ನೇಹಿತರ ವಿಚಾರಣೆ: ‘ಜಂಬೂ ಸವಾರಿ ನೋಡೋಕೆ ಎಲ್ಲಿ ನಿಂತರೆ ಒಳ್ಳೇದು? ಪಾಸ್ ಏನಾದ್ರೂ ಸಿಗುತ್ತಾ? ಬೆಳಿಗ್ಗೆ ಬಂದು ರಾತ್ರಿ ಹೊರಟುಬಿಡಬಹುದಾ?’ ಕೇಳುವವರನ್ನು ಆಕ್ಷೇಪಿಸುವಂತಿಲ್ಲ. ದಸರೆ ಎಂದರೆ ಅಂಬಾರಿ, ಅಂಬಾರಿ ಎಂದರೆ ವಿಜಯದಶಮಿ ಎಂಬ ಲೆಕ್ಕ ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ನನ್ನನ್ನು ಕೇಳಿದರೆ, ಮೊದಲ ಸಲ ದಸರೆಗೆ ಬರುವವರು ಆ ಒಂದು ದಿನವನ್ನು ಬಿಟ್ಟು ಉಳಿದ ಯಾವ ದಿನ ಬಂದರೂ ಚೆನ್ನ. ಪಂಚಮಿಯ ಹೊತ್ತಿಗೆ ಬಂದವರಿಗಂತೂ ಊರು ಪೂರ್ತಿ ಸಿಗುತ್ತದೆ.

ವಿಜಯದಶಮಿಯ ದಿನದ ಲೆಕ್ಕವನ್ನೇ ತೆಗೆದುಕೊಳ್ಳಿ. ಮಧ್ಯಾಹ್ನ ಅರಮನೆಯ ಬಲರಾಮ ದ್ವಾರದಲ್ಲಿ ನಂದಿಧ್ವಜಕ್ಕೆ ಪೂಜೆಯಾಗುತ್ತದೆ. ಆಮೇಲೆ ಸ್ತಬ್ಧಚಿತ್ರಗಳು, ಕಲಾತಂಡಗಳು ಒಂದೊಂದಾಗಿ ಹೊರಡುತ್ತವೆ. ಸಂಜೆಯ ಮುಹೂರ್ತಕ್ಕೆ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ, 21 ಕುಶಾಲತೋಪು, ನಂತರ ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪದ ಕಡೆಗೆ ಸುಮಾರು 5 ಕಿಲೋಮೀಟರ್ ನಡೆಯುತ್ತದೆ. ಬೆಳಿಗ್ಗೆಯೇ ಫುಟ್‌ಪಾತಿನಲ್ಲಿ ಪೇಪರ್ ಹಾಸಿ ಜಾಗ ಹಿಡಿದವರಿಗೆ ಅದು ಎದುರಿಗೆ ಕಾಣುವುದು ಎರಡು ಮೂರು ನಿಮಿಷ. ಹಿಂದೆ ನಿಂತವರಿಗೆ ಕಾಣುವುದು ಮುಂದಿನವರು ಎತ್ತಿ ಹಿಡಿದ ಮೊಬೈಲುಗಳು. ಮಕ್ಕಳು ಹೆಗಲ ಮೇಲೆ, ಹಿರಿಯರು ಬ್ಯಾರಿಕೇಡಿನ ಆಚೆ, ನೀರಿಗೆ ಹೋಗಲು ದಾರಿಯಿಲ್ಲ. ಭಕ್ತಿಯಿಂದ ಬರುವವರಿಗೆ, ತಲೆತಲಾಂತರದಿಂದ ಅದೇ ಮೂಲೆಯಲ್ಲಿ ನಿಂತು ನೋಡುವ ಹಳ್ಳಿಗಳ ಜನಕ್ಕೆ ಇದೊಂದು ಕಷ್ಟವೇ ಅಲ್ಲ. ಪ್ರವಾಸಕ್ಕೆಂದು ಬಂದವರಿಗೆ ಮಾತ್ರ ಆ ದಿನ ಮೈಸೂರು ಒಂದಿಷ್ಟೂ ಕಾಣುವುದಿಲ್ಲ.

ಯಾವಾಗ ಹೋಗಬೇಕು ಎಂಬುದಕ್ಕೆ ಮೊದಲು ಪಂಚಾಂಗ ನೋಡಬೇಕು. ಆಶ್ವಯುಜ ಶುದ್ಧ ಪಾಡ್ಯದಿಂದ ದಶಮಿಯವರೆಗೆ ದಸರೆ. ಚಾಂದ್ರಮಾನ ವರ್ಷ ನಮ್ಮ ಗೋಡೆಯ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ಹಬ್ಬ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಾ ಬಂದು, ಅಧಿಕ ಮಾಸ ಬಿದ್ದ ವರ್ಷ ಮತ್ತೆ ಮುಂದಕ್ಕೆ ಹಾರುತ್ತದೆ. 2022ರಲ್ಲಿ ವಿಜಯದಶಮಿ ಅಕ್ಟೋಬರ್ 5ಕ್ಕೆ ಬಿತ್ತು. 2023ರಲ್ಲಿ ಅಧಿಕ ಶ್ರಾವಣ ಬಂದಿದ್ದರಿಂದ ಅಕ್ಟೋಬರ್ 24ಕ್ಕೆ ಹೋಯಿತು. 2024ರಲ್ಲಿ ಅಕ್ಟೋಬರ್ 12, 2025ರಲ್ಲಿ ಅಕ್ಟೋಬರ್ 2. ಆ ವರ್ಷ ಒಂದು ತಿಥಿ ಎರಡು ದಿನ ಬಿದ್ದು ಹಬ್ಬ ಸೆಪ್ಟೆಂಬರ್ 22ಕ್ಕೇ ಶುರುವಾಗಿ 11 ದಿನ ನಡೆಯಿತು.

ಈ ಓಡಾಟದಿಂದ ಪ್ರವಾಸಿಗರಿಗೆ ಆಗುವ ವ್ಯತ್ಯಾಸ ಮಳೆಯದು. ಬೇಗ ಬಂದ ದಸರೆಗೆ ಉತ್ತರೆ, ಹಸ್ತ ಮಳೆಗಳು. ತಡವಾಗಿ ಬಂದ ದಸರೆಗೆ ಚಿತ್ತೆ. ಶರದೃತು ಎಂದು ಪುಸ್ತಕದಲ್ಲಿದ್ದರೂ ಮೈಸೂರಿನಲ್ಲಿ ಅಕ್ಟೋಬರ್ ಒಳ್ಳೆಯ ಮಳೆಯ ತಿಂಗಳು. ಬೆಳಿಗ್ಗೆ ತೊಳೆದಿಟ್ಟ ಆಕಾಶ, ಹಿತವಾದ ಬಿಸಿಲು. ಮೂರು ಗಂಟೆಯ ಮೇಲೆ ಚಾಮುಂಡಿ ಬೆಟ್ಟದ ಹಿಂದೆ ಮೋಡ ಕಟ್ಟಿತೆಂದರೆ ಗುಡುಗಿನೊಂದಿಗೆ ಒಂದು ಜಡಿಮಳೆ. ಬಹಳ ಸಲ ದೀಪ ಹೊತ್ತುವ ವೇಳೆಗೆ ನಿಂತುಬಿಡುತ್ತದೆ. ಆದ್ದರಿಂದ ಬೆಟ್ಟ, ಮಾರುಕಟ್ಟೆ, ಊರಾಚೆಯ ತಿರುಗಾಟ ಎಲ್ಲವೂ ಬೆಳಿಗ್ಗೆ. ಮಧ್ಯಾಹ್ನ ಸೂರಿನಡಿ ನೋಡುವಂಥದ್ದು. ರಾತ್ರಿ ದೀಪ ಮತ್ತು ಸಂಗೀತ. ಕೊಡೆ ಮರೆಯದಿದ್ದರೆ ಸಾಕು, ಮಳೆಯಿಂದ ದಸರೆ ಕೆಡುವುದಿಲ್ಲ.

ಬೆಳಗಿನ ಹೊತ್ತಿಗೆ ಮೊದಲ ಹೆಸರು ಆನೆಗಳದ್ದು. ಹಬ್ಬಕ್ಕೆ ಸುಮಾರು ಎರಡು ತಿಂಗಳು ಮೊದಲೇ, ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತದೆ. ಅಲ್ಲಿಂದ ದಸರೆ ಮುಗಿಯುವವರೆಗೆ ಆನೆಗಳು, ಮಾವುತರು, ಕಾವಾಡಿಗಳು, ಅವರ ಹೆಂಡತಿ ಮಕ್ಕಳು ಎಲ್ಲರ ಬಿಡಾರ ಅರಮನೆಯ ಆವರಣದಲ್ಲಿ. ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ. ಆನೆಗಳಿಗೆ ಬೇಯಿಸಿದ ಹೆಸರುಕಾಳು, ಉದ್ದಿನಕಾಳು, ಕುಸುಬಲಕ್ಕಿ, ತರಕಾರಿ, ಬೆಣ್ಣೆ ಕಲಸಿದ ಮುದ್ದೆ. ಜೊತೆಗೆ ಭತ್ತ, ಬೆಲ್ಲ, ಕಾಯಿಯನ್ನು ಹುಲ್ಲಿನಲ್ಲಿ ಸುತ್ತಿದ ಕುಸುರೆ. ಅಂಬಾರಿ ಆನೆಯ ತೂಕ ಐದು ಸಾವಿರ ಕಿಲೋ ದಾಟಿರುತ್ತದೆ.

ದಿನಾ ಬೆಳಿಗ್ಗೆ ಈ ಆನೆಗಳು ಮೆರವಣಿಗೆಯ ದಾರಿಯಲ್ಲೇ ತಾಲೀಮಿಗೆ ಹೊರಡುತ್ತವೆ. ಬೆನ್ನಿಗೆ ಗಾದಿ, ನಮ್ದಾ ಬಿಗಿದು ಮೊದಲು ಮರಳು ಮೂಟೆ ಹೊರಿಸುತ್ತಾರೆ, ಭಾರ ಏರಿಸುತ್ತಾ ಹೋಗಿ ಕೊನೆಗೆ ಮರದ ಅಂಬಾರಿ ಕಟ್ಟುತ್ತಾರೆ. ಹಬ್ಬ ಹತ್ತಿರವಾದಂತೆ ನಡೆಯುವ ಈ ಮರದ ಅಂಬಾರಿ ತಾಲೀಮನ್ನು ನೋಡಬೇಕು. ಮುಂದೆ ನಿಶಾನೆ, ನೌಫತ್ ಆನೆಗಳು, ಅವುಗಳ ಹಿಂದೆ ಅಂಬಾರಿ ಆನೆ, ಅದರ ಎಡಬಲಕ್ಕೆ ಎರಡು ಕುಮ್ಕಿ ಹೆಣ್ಣಾನೆಗಳು. ಬ್ಯಾರಿಕೇಡ್ ಇಲ್ಲ, ಪಾಸ್ ಇಲ್ಲ. ಹಾಲು ತರಲು ಹೊರಟವರು ಸ್ಕೂಟರ್ ನಿಲ್ಲಿಸುತ್ತಾರೆ, ಹೂವಿನ ಅಂಗಡಿಯವರು ಕೈಮುಗಿಯುತ್ತಾರೆ, ಸ್ಕೂಲ್ ಬ್ಯಾಗ್ ಹೊತ್ತ ಹುಡುಗರು ಆನೆಗಳನ್ನು ಹೆಸರು ಹಿಡಿದು ಕೂಗುತ್ತಾರೆ. ಮೈಸೂರಿನವರಿಗೆ ಈ ಆನೆಗಳು ಮನೆಯವರಿದ್ದಂತೆ. ಅಂಬಾರಿಯನ್ನು 14 ಸಲ ಹೊತ್ತ ಬಲರಾಮ 2023ರ ಮೇ ತಿಂಗಳಲ್ಲಿ ಸತ್ತಾಗಲೂ, ಅದರ ನಂತರ 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನ ಅದೇ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟಾಗಲೂ ಊರು ಅತ್ತಿತ್ತು. ಅರವತ್ತು ವರ್ಷ ದಾಟಿದ ಆನೆಗೆ ಇಷ್ಟು ಭಾರ ಹೊರಿಸಬಾರದೆಂಬ ನಿಯಮದಿಂದ ಅರ್ಜುನನಿಗೆ ನಿವೃತ್ತಿಯಾಗಿ, 2020ರಿಂದ ಆ ಹೊಣೆ ಅಭಿಮನ್ಯುವಿನ ಬೆನ್ನಿಗೆ ಬಂತು.

ಮಳೆ ಬರುವ ಮಧ್ಯಾಹ್ನಗಳಿಗೆ ಅರಮನೆಯ ಒಳಭಾಗ ಸರಿಯಾದ ಜಾಗ. ಹಳೆಯ ಮರದ ಅರಮನೆ 1897ರಲ್ಲಿ ಮದುವೆಯೊಂದರ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಕಟ್ಟಡ ಮುಗಿದದ್ದು 1912ರಲ್ಲಿ. ವರ್ಷವಿಡೀ ಭದ್ರತಾ ಕೊಠಡಿಯಲ್ಲಿ ಬಿಡಿಬಿಡಿಯಾಗಿ ಇರುವ ಚಿನ್ನದ ಸಿಂಹಾಸನವನ್ನು ನವರಾತ್ರಿಗೆ ಮುಂಚೆ ಶಾಸ್ತ್ರೋಕ್ತವಾಗಿ ಜೋಡಿಸುತ್ತಾರೆ, ಪಾಡ್ಯದ ದಿನ ಅದಕ್ಕೆ ಸಿಂಹವನ್ನು ಕೂಡಿಸುತ್ತಾರೆ. ಅದು ನೋಡಲು ಸಿಗುವುದು ಈ ದಿನಗಳಲ್ಲೇ. ಪಾಡ್ಯ, ಆಯುಧಪೂಜೆ, ವಿಜಯದಶಮಿಯಂದು ರಾಜಮನೆತನದ ಧಾರ್ಮಿಕ ಕಾರ್ಯಗಳಿಗಾಗಿ ಪ್ರವಾಸಿಗರ ಪ್ರವೇಶಕ್ಕೆ ನಿರ್ಬಂಧವಿರುತ್ತದೆ. ನಡುವಿನ ದಿನಗಳಲ್ಲಿ ಬನ್ನಿ ಎನ್ನಲು ಇದೂ ಒಂದು ಕಾರಣ.

ಒಳಗೆ ಹೋದವರು ಬಹುಪಾಲು ಕಲ್ಯಾಣ ಮಂಟಪದ ನವಿಲಿನ ಗಾಜಿನ ಚಾವಣಿಗೆ ಕತ್ತೆತ್ತಿ ನಿಂತು ಮುಂದೆ ಸಾಗುತ್ತಾರೆ. ಒಂದು ನಿಮಿಷ ಕತ್ತು ಇಳಿಸಿ ಗೋಡೆಗಳನ್ನು ನೋಡಿ. ಅಲ್ಲಿರುವ 26 ತೈಲಚಿತ್ರಗಳು 1930ರ ದಶಕದ ದಸರಾ ಮೆರವಣಿಗೆಯನ್ನು ಹೆಜ್ಜೆಹೆಜ್ಜೆಯಾಗಿ ಹಿಡಿದಿಟ್ಟಿವೆ. ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು ಮೈಸೂರಿನ ಕಲಾವಿದರು ಬರೆದದ್ದರಿಂದ ಪ್ರತಿ ಮುಖವೂ ಒಬ್ಬ ನಿಜವಾದ ಮನುಷ್ಯನ ಮುಖ. ಅಶ್ವದಳ, ವಾದ್ಯದವರು, ಪೇಟ ಸುತ್ತಿದ ಅಧಿಕಾರಿಗಳು, ಅಂಬಾರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು. ಗೋಡೆಗುಂಟ ಒಂದು ಸುತ್ತು ಬಂದರೆ ಜಂಬೂ ಸವಾರಿಯನ್ನು ತಳ್ಳುನೂಕು ಇಲ್ಲದೆ, ಬೇಕಾದಷ್ಟು ಹೊತ್ತು ನಿಂತು ನೋಡಿದಂತಾಯಿತು. ಈ ಚಿತ್ರಗಳಿಗೂ ಇಂದಿನ ಮೆರವಣಿಗೆಗೂ ಇರುವ ದೊಡ್ಡ ವ್ಯತ್ಯಾಸ ಅಂಬಾರಿಯಲ್ಲೇ ಇದೆ. 1971ರಲ್ಲಿ ರಾಜಧನ ರದ್ದಾದ ಮೇಲಿನ ದಸರೆ ಸರ್ಕಾರದ ನಾಡಹಬ್ಬವಾಯಿತು, ಅರಸರು ಕೂರುತ್ತಿದ್ದ ಜಾಗದಲ್ಲಿ ಚಾಮುಂಡೇಶ್ವರಿ ಬಂದಳು. ಅರಮನೆಯೊಳಗಿನ ದರ್ಬಾರು ರಾಜಮನೆತನದ ಖಾಸಗಿ ಆಚರಣೆಯಾಗಿ ಉಳಿಯಿತು. ಹೊರಗೆ ಬೆಟ್ಟದ ಮೇಲೆ ಹಬ್ಬ ಉದ್ಘಾಟಿಸುವವರು ಈಗ ಸಾಹಿತಿಗಳು, ಕಲಾವಿದರು, ಸಾರ್ವಜನಿಕ ಬದುಕಿನ ಗಣ್ಯರು. 2025ರಲ್ಲಿ ಆ ಗೌರವ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರದ್ದಾಗಿತ್ತು.

ಅರಮನೆ ತನ್ನ ಸಿಂಹಾಸನ ಜೋಡಿಸುವ ಹೊತ್ತಿಗೇ ಊರಿನ ಮನೆಗಳಲ್ಲೂ ಒಂದೊಂದು ಪುಟ್ಟ ದರ್ಬಾರು ಏರ್ಪಡುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹಲಗೆ ಜೋಡಿಸಿ ಬಿಳಿ ಪಂಚೆ ಹಾಸಿ, ಮೇಲಿನ ಸಾಲಿನಲ್ಲಿ ಪಟ್ಟದ ಗೊಂಬೆಗಳನ್ನು ಕೂರಿಸುತ್ತಾರೆ. ಮರದ ರಾಜ ರಾಣಿಯ ಈ ಜೋಡಿ ಮಗಳ ಮದುವೆಯಲ್ಲಿ ತವರಿನಿಂದ ಬರುವಂಥದ್ದು. ಕೆಳಗಿನ ಸಾಲುಗಳಲ್ಲಿ ದಶಾವತಾರ, ಚನ್ನಪಟ್ಟಣದ ಆಟಿಕೆ, ಶೆಟ್ಟರ ಅಂಗಡಿ, ಪಾರ್ಕು, ರೈಲ್ವೆ ಸ್ಟೇಷನ್. ಮೊದಲೆಲ್ಲ ಸಂಜೆಯಾದರೆ ಮಕ್ಕಳು ಗುಂಪಾಗಿ ‘ಗೊಂಬೆ ಕೂರಿಸಿದ್ದೀರೇನ್ರೀ?’ ಎಂದು ಬಾಗಿಲು ಬಾಗಿಲಿಗೆ ಹೋಗಿ, ಆರತಿ ಮುಗಿದ ಮೇಲೆ ಕೊಡುವ ಚರ್ಪು ತಿಂಡಿಗೆ ಕೈಚಾಚುತ್ತಿದ್ದರು. ಅಪಾರ್ಟ್‌ಮೆಂಟುಗಳ ಕಾಲದಲ್ಲಿ ಅದು ಕಡಿಮೆಯಾಗಿದೆ. ಅಗ್ರಹಾರ, ಸರಸ್ವತಿಪುರಂ, ಜಯನಗರದ ಹಳೆಯ ಮನೆಗಳಲ್ಲಿ ಇನ್ನೂ ಉಳಿದಿದೆ. ಪರಿಚಯದವರು ಒಬ್ಬರಿದ್ದರೆ ಸಾಕು, ‘ಗೊಂಬೆ ನೋಡೋಕೆ ಬರ್ತೀವಿ’ ಎಂದು ಹೇಳಿಕಳಿಸಿ. ಮೈಸೂರಿನಲ್ಲಿ ಈ ಮಾತಿಗೆ ಬೇಡ ಎನ್ನುವವರು ಸಿಗುವುದಿಲ್ಲ. ಹೋಗುವಾಗ ಒಂದು ಪುಟ್ಟ ಗೊಂಬೆ ಒಯ್ದರೆ ಮುಂದಿನ ವರ್ಷದ ಸಾಲಿನಲ್ಲಿ ನಿಮ್ಮದೂ ಒಂದು ಇರುತ್ತದೆ. ಪರಿಚಯದವರು ಇಲ್ಲದವರಿಗೆ ನಜರ್‌ಬಾದಿನಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನದ ಬೊಂಬೆಮನೆ ಇದೆ, ಅರಮನೆಯಲ್ಲಿ ಗೊಂಬೆ ತೊಟ್ಟಿ ಇದೆ.

ಇನ್ನು ಸಂಜೆ. ಏಳು ಗಂಟೆಗೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಂದೇ ಏಟಿಗೆ ಹೊತ್ತಿಕೊಳ್ಳುವ ಕ್ಷಣ ಪೋಸ್ಟರುಗಳಿಂದ ಎಲ್ಲರಿಗೂ ಗೊತ್ತು. ಬೇರೆ ದಿನಗಳಲ್ಲಿ ಈ ಪೂರ್ತಿ ದೀಪ ಭಾನುವಾರ ಮತ್ತು ಸರ್ಕಾರಿ ರಜೆಗೆ ಮಾತ್ರ, ಒಂದು ಗಂಟೆಯೊಳಗೆ ಆರಿಹೋಗುತ್ತದೆ. ದಸರೆಯಲ್ಲಿ ದಿನವೂ, ಬಹಳ ಹೊತ್ತು. ಅದರ ಎದುರಿಗೇ ವೇದಿಕೆ. ಹಿಂದೂಸ್ತಾನಿ, ಕರ್ನಾಟಕ ಸಂಗೀತದ ದೊಡ್ಡ ಹೆಸರುಗಳನ್ನು ಬಿಟ್ಟಿಯಾಗಿ ಕೇಳುವ ಅವಕಾಶ. ಆದರೆ ಅರಮನೆ ವೇದಿಕೆಯೊಂದನ್ನೇ ನೋಡಿ ಹಿಂದಿರುಗಬೇಡಿ. ಜಗನ್ಮೋಹನ ಅರಮನೆ, ಕಲಾಮಂದಿರ, ಗಾನಭಾರತಿ, ಪುರಭವನ, ಚಿಕ್ಕಗಡಿಯಾರದ ಆವರಣ ಎಲ್ಲ ಕಡೆ ಅದೇ ಹೊತ್ತಿಗೆ ಏನಾದರೊಂದು ನಡೆಯುತ್ತಿರುತ್ತದೆ. ಪುರಭವನದಲ್ಲಿ ಹಳ್ಳಿಯ ತಂಡದ ಪೌರಾಣಿಕ ನಾಟಕವಿದ್ದರೆ ಅರ್ಧ ಗಂಟೆ ಕೂತು ಬನ್ನಿ. ಹಾರ್ಮೋನಿಯಂ ಏರಿದಂತೆ ದುರ್ಯೋಧನನ ಮೀಸೆಯೂ ಏರುತ್ತದೆ, ಹಿಂದಿನ ಸಾಲಿನಿಂದ ‘ಒನ್ಸ್ ಮೋರ್’ ಬಂದರೆ ಸತ್ತವನೂ ಎದ್ದು ಇನ್ನೊಂದು ಕಂದ ಹಾಡುತ್ತಾನೆ.

ಈ ಜಾಗಗಳ ನಡುವೆ ವಾಹನಕ್ಕಿಂತ ಕಾಲ್ನಡಿಗೆಯೇ ಸಲೀಸು. ಊರಿನ ನಡುಭಾಗ ಚಿಕ್ಕದು, ವೃತ್ತಗಳಿಗೆಲ್ಲ ದೀಪದ ಚಪ್ಪರ. ಕಾಲು ಸೋತವರಿಗೆ ಪ್ರವಾಸೋದ್ಯಮ ನಿಗಮದ ‘ಅಂಬಾರಿ’ ಡಬಲ್ ಡೆಕ್ಕರ್ ಬಸ್ಸು, ಇಲ್ಲವೇ ಟಾಂಗಾ. ಹಗಲಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ, ಸಂಜೆ ದೊಡ್ಡಕೆರೆ ಮೈದಾನದ ವಸ್ತು ಪ್ರದರ್ಶನ. ಚಾಮರಾಜ ಒಡೆಯರ ಕಾಲದಲ್ಲಿ ಶುರುವಾದ ಈ ಪ್ರದರ್ಶನ ಮೊದಲು ಕೈಗಾರಿಕೆ, ಕೃಷಿಯ ಹೊಸ ಸಂಗತಿಗಳನ್ನು ಜನಕ್ಕೆ ತೋರಿಸಲೆಂದು ಇದ್ದದ್ದು. ಈಗ ಜಯಂಟ್ ವೀಲ್, ಚುರುಮುರಿ, ದೆಹಲಿ ಹಪ್ಪಳದ್ದೇ ಮೇಲುಗೈ. ಸರ್ಕಾರಿ ಇಲಾಖೆಗಳ ಮಳಿಗೆಗಳು ನವರಾತ್ರಿಯ ಮೊದಲ ದಿನಗಳಲ್ಲಿ ಇನ್ನೂ ಮೊಳೆ ಹೊಡೆಯುತ್ತಲೇ ಇರುವುದು ಪ್ರತಿ ವರ್ಷದ ಹಾಡು. ಪ್ರದರ್ಶನ ದಸರೆಯ ನಂತರವೂ ವಾರಗಟ್ಟಲೆ ಇರುವುದರಿಂದ ಅವಸರವಿಲ್ಲ.

ಆಹಾರ ಮೇಳಕ್ಕೆ ಮಾತ್ರ ಹಸಿದುಕೊಂಡೇ ಹೋಗಬೇಕು. ರೊಟ್ಟಿ ಎಣಗಾಯಿ, ಕೊಡಗಿನ ಕಡುಬು, ಮುದ್ದೆ ನಾಟಿಕೋಳಿ ಸಾರು ಎಲ್ಲ ಉಂಟು. ಉದ್ದನೆಯ ಸಾಲು ಇರುವುದು ಆದಿವಾಸಿಗಳ ಬಂಬೂ ಬಿರಿಯಾನಿ ಮಳಿಗೆಯ ಮುಂದೆ. ಹಸಿ ಬಿದಿರಿನ ಅಂಡೆಯೊಳಗೆ ಅಕ್ಕಿ, ಮಾಂಸ, ಮಸಾಲೆ ತುಂಬಿ, ಬಾಯಿಗೆ ಎಲೆ ತುರುಕಿ ಕೆಂಡದ ಮೇಲೆ ಸಾಲಾಗಿ ಒರಗಿಸುತ್ತಾರೆ. ಹೊರಗಿನ ಹಸಿರು ಕಪ್ಪಾಗುತ್ತಾ ಬಂದಂತೆ ಒಳಗೆ ಬಿದಿರಿನ ನೀರಿನಲ್ಲೇ ಅನ್ನ ಬೇಯುತ್ತದೆ. ಅಂಡೆಯನ್ನು ಬಗ್ಗಿಸಿ ತಟ್ಟಿದಾಗ ಎಲೆಯ ಮೇಲೆ ಬೀಳುವ ಅನ್ನಕ್ಕೆ ಹೊಗೆ ಮತ್ತು ಹಸಿ ಬಿದಿರು ಬೆರೆತ ವಾಸನೆ ಇರುತ್ತದೆ. ಹೋಟೆಲಿನ ಪಾತ್ರೆಯಲ್ಲಿ ಅದು ಬರುವುದಿಲ್ಲ.

ಅಷ್ಟಮಿ, ನವಮಿಯ ಹೊತ್ತಿಗೆ ದೇವರಾಜ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದಕ್ಕೂ ಎರಡು ದಿನ ಮೊದಲು ಬೆಳಿಗ್ಗೆ ಹೋಗಿ. ಸೇವಂತಿಗೆ, ಚೆಂಡುಹೂವಿನ ರಾಶಿ, ಮಾರು ಲೆಕ್ಕದಲ್ಲಿ ಕೈಚಾಚಿ ಅಳೆದುಕೊಡುವ ಹೂಮಾಲೆ, ಮೈಸೂರು ವೀಳ್ಯದೆಲೆ, ಗೋಪುರ ಕಟ್ಟಿದ ಕುಂಕುಮ. ಆಯುಧಪೂಜೆಯ ದಿನ ಇವೆಲ್ಲ ಊರಿನ ಮೈಮೇಲೆ ಬರುತ್ತವೆ. ದರ್ಜಿಯ ಮಷೀನು, ಕ್ಷೌರದಂಗಡಿಯ ಕತ್ತರಿ, ಪ್ರಿಂಟಿಂಗ್ ಪ್ರೆಸ್ಸು, ಸಿಟಿ ಬಸ್ಸು ಎಲ್ಲಕ್ಕೂ ಹಾರ, ಬಾಳೆಕಂದು, ವಿಭೂತಿ. ಯಾವ ಅಂಗಡಿಯ ಮುಂದೆ ನಿಂತರೂ ಕೈಗೆ ಕಡ್ಲೆಪುರಿ, ಸಿಹಿ ಬೀಳುತ್ತದೆ. ದಿನವಿಡೀ ಬೂದುಗುಂಬಳ ಒಡೆಯುವುದರಿಂದ ರಸ್ತೆಯೆಲ್ಲ ಜಾರುತ್ತದೆ. ಬಾಡಿಗೆ ಬೈಕು ಹಿಡಿದವರು ಅಂದು ಅದನ್ನು ಹೋಟೆಲಿನಲ್ಲೇ ಬಿಟ್ಟು ಹೊರಡುವುದು ಕ್ಷೇಮ.

ಮೈಸೂರು ಗರಡಿಮನೆಗಳ ಊರು ಎಂಬುದನ್ನು ನೆನಪಿಸುವುದು ದೊಡ್ಡಕೆರೆ ಮೈದಾನದ ಡಿ. ದೇವರಾಜ ಅರಸು ಕುಸ್ತಿ ಅಖಾಡ. ವಾರಗಳ ಮೊದಲೇ ಜೋಡಿ ಕಟ್ಟಿ, ನವರಾತ್ರಿಯಲ್ಲಿ ನಾಡಕುಸ್ತಿ ನಡೆಸುತ್ತಾರೆ. ಪ್ರೇಕ್ಷಕರಲ್ಲಿ ಅರ್ಧ ಜನ ಹಳೇ ಪೈಲ್ವಾನರು. ಕೆಳಗೆ ಹಿಡಿತ ಬೀಳುವ ಮೊದಲೇ ಮೇಲೆ ಕೂತವರು ಪಟ್ಟಿನ ಹೆಸರು ಕೂಗುತ್ತಾರೆ. ಪಕ್ಕದವರನ್ನು ಒಂದು ಮಾತು ಕೇಳಿದರೆ ಸಾಕು, ಮುಂದಿನ ಅರ್ಧ ತಾಸು ನಿಮಗೆ ಪುಕ್ಕಟೆ ಪಾಠ. ವಿಜಯದಶಮಿಯ ಬೆಳಿಗ್ಗೆ ಅರಮನೆಯೊಳಗೆ ಜಟ್ಟಿಗಳು ತಲೆ ಬೋಳಿಸಿಕೊಂಡು ಕಾದುವ ವಜ್ರಮುಷ್ಟಿ ಕಾಳಗ, ಒಬ್ಬನ ತಲೆಯಲ್ಲಿ ರಕ್ತ ಕಂಡೊಡನೆ ನಿಲ್ಲುವ ಆ ಪ್ರಾಚೀನ ಪದ್ಧತಿ, ಎಲ್ಲರಿಗೂ ನೋಡಲು ಸಿಗುವುದಿಲ್ಲ. ಅಖಾಡದ ಬಾಗಿಲಾದರೋ ಎಲ್ಲರಿಗೂ ತೆರೆದಿದೆ.

ಒಂದು ದಿನವನ್ನು ಊರಾಚೆಗೆಂದು ತೆಗೆದಿಡಿ. ಹದಿನೈದು ಕಿಲೋಮೀಟರ್ ದೂರದ ಶ್ರೀರಂಗಪಟ್ಟಣವೇ ದಸರೆಯ ತವರು. ವಿಜಯನಗರದ ಮಹಾನವಮಿಯನ್ನು ರಾಜ ಒಡೆಯರು ಇಲ್ಲಿ 1610ರಲ್ಲಿ ಮುಂದುವರಿಸಿದರು. ಹಂಪಿಯ ಮಹಾನವಮಿ ದಿಬ್ಬ ನೋಡಿದವರಿಗೆ ಆ ಕೊಂಡಿ ತಟ್ಟನೆ ಹೊಳೆಯುತ್ತದೆ. ಇಂದಿಗೂ ಕಿರಂಗೂರಿನ ಬನ್ನಿಮಂಟಪದಿಂದ ಶ್ರೀರಂಗಪಟ್ಟಣಕ್ಕೆ ಒಂದು ಜಂಬೂ ಸವಾರಿ ನಡೆಯುತ್ತದೆ, ಇತ್ತೀಚಿನ ವರ್ಷಗಳಲ್ಲಿ ನವರಾತ್ರಿಯ ಮೊದಲ ದಿನಗಳಲ್ಲೇ. ಮಕ್ಕಳಿಗೆ ಆನೆ, ಅಂಬಾರಿ, ಮೆರವಣಿಗೆ ಎಲ್ಲ ಕೈಗೆಟಕುವಷ್ಟು ಹತ್ತಿರದಲ್ಲಿ ತೋರಿಸಬೇಕೆಂದರೆ ಇದೇ ಸರಿ. ಇನ್ನೊಂದು ದಿಕ್ಕಿಗೆ ಹೋದರೆ ಸೋಮನಾಥಪುರ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೇ ಶತಮಾನದಲ್ಲಿ ಮಾಡಿಸಿದ ಈ ಕೇಶವ ದೇವಾಲಯ, ಬೇಲೂರು ಹಳೇಬೀಡುಗಳ ಜೊತೆಯಲ್ಲಿ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಮಳೆಯಲ್ಲಿ ತೊಳೆದ ಬಳಪದ ಕಲ್ಲಿನ ಮೇಲೆ ಬೆಳಗಿನ ಓರೆ ಬಿಸಿಲು ಬಿದ್ದಾಗ ಒಂದೊಂದು ಕೆತ್ತನೆಯೂ ಎದ್ದು ಕಾಣುತ್ತದೆ. ಅಲ್ಲಿಂದ ಮುಂದೆ ಶಿವನಸಮುದ್ರ. ಬೇಸಿಗೆಯಲ್ಲಿ ಬಂಡೆ ಮಾತ್ರ ತೋರಿಸುವ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಈ ಕಾಲಕ್ಕೆ ನೀರಿರುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ಇದೇ ನೀರಿನಿಂದ. ರಾತ್ರಿ ಅರಮನೆಯ ದೀಪ ನೋಡಿದ ಮಕ್ಕಳಿಗೆ ಮರುದಿನ ಇದನ್ನು ತೋರಿಸಿದರೆ ಪಾಠ ತಾನಾಗಿ ಆಗುತ್ತದೆ.

ರಜೆ ಸಿಗದೆ ದಸರೆ ತಪ್ಪಿಸಿಕೊಂಡವರೂ ಬೇಸರಪಡಬೇಕಿಲ್ಲ. ವಿಜಯದಶಮಿ ಕಳೆದು ಹುಣ್ಣಿಮೆಯ ಹೊತ್ತಿಗೆ ಚಾಮುಂಡಿ ಬೆಟ್ಟದಲ್ಲಿ ತೇರು, ಅದಾದ ಮೇಲೆ ದೇವಿಕೆರೆಯಲ್ಲಿ ತೆಪ್ಪೋತ್ಸವ. ನಸುಕಿನಲ್ಲಿ ಮೆಟ್ಟಿಲು ಹತ್ತಲು ಶುರುಮಾಡಿದರೆ ದಾರಿಯಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲಾ ನಂದಿ ಸಿಗುತ್ತದೆ, ಅಲ್ಲೊಮ್ಮೆ ದಣಿವಾರಿಸಿಕೊಳ್ಳಬಹುದು. ಮೈಸೂರಿನವರಲ್ಲಿ ಬಹಳಷ್ಟು ಮಂದಿ ಜಂಬೂ ಸವಾರಿಗೆ ಮನೆಯಲ್ಲೇ ಇದ್ದು ಈ ತೇರಿಗೆ ತಪ್ಪದೆ ಹೋಗುತ್ತಾರೆ.

ಖರ್ಚಿನ ಮಾತನ್ನೂ ಹೇಳಬೇಕು. ವಿಜಯದಶಮಿಯ ಹಿಂದುಮುಂದಿನ ಎರಡು ಮೂರು ದಿನ ಲಾಡ್ಜುಗಳ ಬಾಡಿಗೆ ಕೇಳಿದಷ್ಟು, ಮೆರವಣಿಗೆ ಕೂತು ನೋಡುವ ಗೋಲ್ಡ್ ಕಾರ್ಡಿಗೆ ಸಾವಿರಾರು ರೂಪಾಯಿ, ವಾಹನ ನಿಲ್ಲಿಸಲು ಊರ ಹೊರಗೆ ಜಾಗ. ಪಂಚಮಿ, ಷಷ್ಠಿಯ ಹೊತ್ತಿಗೆ ಅದೇ ಕೋಣೆ ಸಾಮಾನ್ಯ ದರಕ್ಕೆ ಸಿಗುವ ಸಾಧ್ಯತೆ ಹೆಚ್ಚು, ರೈಲಿನಲ್ಲಿ ಸೀಟೂ ಸಿಗುತ್ತದೆ. ಸಂಸಾರದೊಂದಿಗೆ ಬರುವವರಿಗೆ ಈ ವ್ಯತ್ಯಾಸ ಚಿಕ್ಕದಲ್ಲ. ಹೊಸ ಪಂಚಾಂಗ ಕೈಗೆ ಬಂದ ದಿನವೇ ಆಶ್ವಯುಜ ಪಂಚಮಿ ಯಾವ ವಾರ ಎಂದು ನೋಡಿಕೊಳ್ಳಿ. ಮಕ್ಕಳಿಗೆ ಹೇಗೂ ದಸರಾ ರಜೆ ಇರುತ್ತದೆ. ನೀವು ಆಫೀಸಿನಲ್ಲಿ ಒಂದೆರಡು ದಿನಕ್ಕೆ ಈಗಲೇ ಹೇಳಿಟ್ಟರೆ ಆಯಿತು.